ನಕ್ಷೆ ಬೀರುವಿನಲ್ಲಿ, ನೀರು ಮನೆಯೊಳಗೆ

2022ರ ಸೆಪ್ಟೆಂಬರ್ 4ರ ರಾತ್ರಿಯಿಂದ ಮರುದಿನ ಬೆಳಗಿನವರೆಗೆ ಬೆಂಗಳೂರಿನಲ್ಲಿ ಸುಮಾರು 130 ಮಿಲಿಮೀಟರ್ ಮಳೆ ಸುರಿಯಿತು. ಬೆಳಗಾಗುವಷ್ಟರಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ನೀರು ಮನೆಯೊಳಗೆ ನುಗ್ಗಿತ್ತು. ಹೊರವರ್ತುಲ ರಸ್ತೆಯ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದುದನ್ನು ದೇಶವೆಲ್ಲ ನೋಡಿತು. ಆಮೇಲೆ ಜೆಸಿಬಿಗಳು ಬಂದವು, ರಾಜಕಾಲುವೆ ಒತ್ತುವರಿಯೆಂದು ಒಂದಷ್ಟು ಗೋಡೆಗಳು ಉರುಳಿದವು, ಗದ್ದಲ ತಣ್ಣಗಾದ ಮೇಲೆ ಜೆಸಿಬಿಗಳೂ ನಿಂತವು. ಕೊನೆಗೆ ಉಳಿದದ್ದು ಒಂದೇ ಮಾತು: ನಮಗೆ ಇನ್ನಷ್ಟು ತಂತ್ರಜ್ಞಾನ ಬೇಕು. ಕಾಲುವೆಗಳಿಗೆ ಸೆನ್ಸರ್ ಬೇಕು, ಕ್ಯಾಮೆರಾ ಬೇಕು, ಡ್ರೋನ್ ಸರ್ವೆ ಬೇಕು, ಎಲ್ಲವನ್ನೂ ಒಂದೇ ಪರದೆಯ ಮೇಲೆ ತೋರಿಸುವ ಕಮಾಂಡ್ ಸೆಂಟರ್ ಬೇಕು.

ಈ ಮಾತಿನ ಹಿಂದೆ ಮಂತ್ರಿಗಳು, ಅಧಿಕಾರಿಗಳು, ಉದ್ಯಮಿಗಳು, ಓದಿದ ಮಧ್ಯಮವರ್ಗದವರು ಹೆಚ್ಚುಕಡಿಮೆ ಎಲ್ಲರೂ ಒಪ್ಪಿಕೊಂಡ ಒಂದು ನಂಬಿಕೆ ಇದೆ. ನಗರ ಹದಗೆಟ್ಟಿರುವುದು ಅದರ ಬಗ್ಗೆ ಸಾಕಷ್ಟು ದತ್ತಾಂಶ ಇಲ್ಲದ್ದರಿಂದ. ಹೆಚ್ಚು ಅಳೆದು, ಅಳೆದದ್ದನ್ನೆಲ್ಲ ಒಂದು ಕೋಣೆಗೆ ತಂದು, ಅಲ್ಲಿ ಪರಿಣತರನ್ನು ಕೂರಿಸಿದರೆ ನಗರ ಸ್ಮಾರ್ಟ್ ಆಗುತ್ತದೆ. ಅದನ್ನು ಜನರಿಗೆ ತೋರಿಸುವುದು ಆಮೇಲಿನ ಕೆಲಸ, ತೋರಿಸಿದರೆ ಉಪಕಾರ, ತೋರಿಸದಿದ್ದರೂ ನಡೆಯುತ್ತದೆ. ಈ ನಂಬಿಕೆ ಬುಡದಲ್ಲೇ ತಪ್ಪು. ನಗರದ ದತ್ತಾಂಶ ಸರಿಹೋಗುವುದೇ ಅಲ್ಲಿ ಬದುಕುವವರ ಕಣ್ಣಿಗೆ ಬಿದ್ದಾಗ. ಬೀರುವಿನಲ್ಲಿಟ್ಟ ನಕ್ಷೆ ವರ್ಷದಿಂದ ವರ್ಷಕ್ಕೆ ನೆಲದಿಂದ ದೂರ ಸರಿಯುತ್ತದೆ, ಸರಿದಿದೆಯೆಂದು ಹೇಳಲು ಯಾರೂ ಇರುವುದಿಲ್ಲ. ಮೊದಲು ಸ್ಮಾರ್ಟ್ ಆಗಿ ಆಮೇಲೆ ಮುಕ್ತವಾಗುವ ನಗರ ಎಲ್ಲೂ ಇಲ್ಲ.

ಬೆಂಗಳೂರಿನ ರಾಜಕಾಲುವೆಗಳ ಕಥೆಯನ್ನೇ ತೆಗೆದುಕೊಳ್ಳಿ. ಅವು ಎಲ್ಲಿದ್ದವೆಂದು ಯಾರಿಗೂ ಗೊತ್ತಿರಲಿಲ್ಲವೇ? ಪ್ರತಿ ಕಂದಾಯ ಗ್ರಾಮಕ್ಕೂ ಸರ್ವೆ ಇಲಾಖೆಯ ಗ್ರಾಮ ನಕ್ಷೆ ಇದೆ. ಅದರಲ್ಲಿ ಸರ್ವೆ ನಂಬರುಗಳ ಗಡಿ, ಕೆರೆ, ಹಳ್ಳ, ಬಂಡಿದಾರಿ, ಗುಂಡುತೋಪು, ಸ್ಮಶಾನ ಎಲ್ಲವೂ ಗುರುತಾಗಿವೆ. ಹಿಂದೆ ಭೂಮಾಪಕರು ಸರಪಳಿ ಹಿಡಿದು ಅಳೆದ ಟಿಪ್ಪಣಿಗಳಿವೆ, ಆಕಾರಬಂದ್ ಇದೆ. ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗವನ್ನು ‘ಬಿ ಖರಾಬು’ ಎಂದು ಪಹಣಿಯಲ್ಲೇ ಬೇರೆಯಾಗಿ ತೋರಿಸುವ ಪದ್ಧತಿ ಇದೆ. ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳಲ್ಲಿ ಕೆರೆಯಿಂದ ಕೆರೆಗೆ ಕೋಡಿ ನೀರು ಇಳಿಯುತ್ತಿದ್ದ ದಾರಿಯನ್ನು ಕಂಡುಹಿಡಿಯಲು ಸೆನ್ಸರ್ ಬೇಕಾಗಿರಲಿಲ್ಲ. ಕಾಗದದಲ್ಲಿ ಅದು ಇತ್ತು, ಇವತ್ತೂ ಇದೆ.

ಮಹಾಲೇಖಪಾಲರು 2021ರಲ್ಲಿ ಬೆಂಗಳೂರಿನ ಮಳೆನೀರು ನಿರ್ವಹಣೆಯ ಬಗ್ಗೆ ವರದಿ ಕೊಟ್ಟರು. ಕೋರಮಂಗಲ ಕಣಿವೆಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸುಮಾರು 113 ಕಿಲೋಮೀಟರ್ ಇದ್ದ ಕಾಲುವೆ 2016–17ರ ಹೊತ್ತಿಗೆ 63 ಕಿಲೋಮೀಟರಿಗೆ ಇಳಿದಿತ್ತು. ವೃಷಭಾವತಿ ಕಣಿವೆಯಲ್ಲಿ 226 ಇದ್ದದ್ದು 111 ಆಗಿತ್ತು. ಎರಡೇ ಕಣಿವೆಯಲ್ಲಿ 160 ಕಿಲೋಮೀಟರಿಗೂ ಹೆಚ್ಚು ಉದ್ದದ ನೀರಿನ ದಾರಿ ಇಲ್ಲವಾಯಿತು. ಇಷ್ಟು ದೊಡ್ಡ ವಸ್ತು ಒಂದೇ ರಾತ್ರಿಯಲ್ಲಿ ಕಳೆದುಹೋಗುವುದಿಲ್ಲ. ಒಂದೊಂದು ಬಡಾವಣೆಯಲ್ಲಿ ಒಂದೊಂದು ಗುಂಟೆಯಂತೆ, ಒಂದೊಂದು ಸಹಿಯಂತೆ ಅದು ಹೋಗಿದೆ.

ಹೋಗುವ ಬಗೆಯನ್ನು ನೋಡಬೇಕು. ಸರ್ವೆ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಹಳ್ಳ ಇದೆ. ಭೂಪರಿವರ್ತನೆಯಾಗುವಾಗ ಆ ನಕ್ಷೆ ಒಂದು ಕಡತದಲ್ಲಿ ಉಳಿಯುತ್ತದೆ. ಯೋಜನಾ ಪ್ರಾಧಿಕಾರದ ಬಡಾವಣೆ ನಕ್ಷೆ ಬೇರೆ ಅಳತೆಯಲ್ಲಿ, ಬೇರೆ ಮೇಜಿನ ಮೇಲೆ ತಯಾರಾಗುತ್ತದೆ. ಪಾಲಿಕೆಯ ಖಾತೆಯಲ್ಲಿ ನಿವೇಶನದ ಉದ್ದಗಲ ಮಾತ್ರ ಇರುತ್ತದೆ. ಕೊನೆಗೆ ಕ್ರಯಪತ್ರದ ಚಕ್ಕುಬಂದಿ ಬರೆಯುವಾಗ ಪೂರ್ವಕ್ಕೆ ಇಂತಿಂಥ ನಂಬರಿನ ಸೈಟು, ಪಶ್ಚಿಮಕ್ಕೆ ರಸ್ತೆ ಎಂದಷ್ಟೇ ಬರುತ್ತದೆ. ಹಳ್ಳದ ಹೆಸರು ಎಲ್ಲೂ ಇಲ್ಲ. ಮೂರು ಕಚೇರಿಗಳ ಮೂರು ನಕ್ಷೆಗಳನ್ನು ಒಂದರ ಮೇಲೊಂದು ಹೊದಿಸಿ ಊರವರ ಮುಂದೆ ಇಟ್ಟಿದ್ದರೆ ಒಬ್ಬ ಹಳೆಯ ರೈತ ಬೆರಳಿಟ್ಟು ಹೇಳುತ್ತಿದ್ದ, ‘ಇದು ನೀರು ಹೋಗೋ ಜಾಗ’ ಎಂದು. ಯಾರೂ ಇಡಲಿಲ್ಲ. ಇಡದಿದ್ದುದರಿಂದ ಲಾಭವಾದವರು ಇದ್ದರು, ಅವರಿಗೆ ಆ ಮೂರು ನಕ್ಷೆಗಳೂ ಸಿಗುತ್ತಿದ್ದವು.

ನಷ್ಟವಾದವರ ಸ್ಥಿತಿ 2016ರ ಆಗಸ್ಟ್‌ನಲ್ಲಿ ಎಲ್ಲರಿಗೂ ಕಂಡಿತು. ಆ ತಿಂಗಳ ತೆರವು ಕಾರ್ಯಾಚರಣೆಯಲ್ಲಿ ಮನೆ ಕಳೆದುಕೊಂಡವರಲ್ಲಿ ಕ್ರಯಪತ್ರ, ಖಾತೆ, ಮಂಜೂರಾದ ಕಟ್ಟಡ ನಕ್ಷೆ, ಬ್ಯಾಂಕಿನ ಸಾಲ ಎಲ್ಲ ಇದ್ದವರಿದ್ದರು. ಸರಕಾರದ ಒಂದು ಅಂಗ ಕೊಟ್ಟ ಕಾಗದ ನಂಬಿ ಕಟ್ಟಿದ ಮನೆಯನ್ನು ಇನ್ನೊಂದು ಅಂಗ ತನ್ನ ಬಳಿಯಿದ್ದ ಕಾಗದ ತೋರಿಸಿ ಕೆಡವಿತು. ಕೊಳ್ಳುವ ದಿನ ಆ ಎರಡನೆಯ ಕಾಗದ ಅವರಿಗೆ ಯಾಕೆ ಕಾಣಲಿಲ್ಲ ಎಂಬ ಪ್ರಶ್ನೆಗೆ ಇವತ್ತಿಗೂ ಉತ್ತರವಿಲ್ಲ. ಇಲ್ಲಿ ಕೊರತೆಯಾದದ್ದು ದತ್ತಾಂಶವೆಂದು ಯಾವ ಬಾಯಲ್ಲಿ ಹೇಳುವುದು?

ಈಗ ಸ್ಮಾರ್ಟ್ ಸಿಟಿಯ ಲೆಕ್ಕ ನೋಡೋಣ. 2015ರ ಜೂನ್ 25ರಂದು ಶುರುವಾದ ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆ 100 ನಗರಗಳನ್ನು ಆರಿಸಿಕೊಂಡಿತು. ಕರ್ನಾಟಕದಿಂದ ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು, ಕೊನೆಗೆ ಬೆಂಗಳೂರು. 2025ರ ಮಾರ್ಚ್ 31ಕ್ಕೆ ಯೋಜನೆ ಮುಗಿಯಿತು. ದೇಶದಾದ್ಯಂತ ಸುಮಾರು 1.6 ಲಕ್ಷ ಕೋಟಿ ರೂಪಾಯಿಯ ಕಾಮಗಾರಿಗಳು, ನೂರು ನಗರಗಳಿಗೂ ಒಂದೊಂದು ಕಮಾಂಡ್ ಅಂಡ್ ಕಂಟ್ರೋಲ್ ಸೆಂಟರ್. ಗೋಡೆಯಗಲದ ಪರದೆ, ಅದರ ಮುಂದೆ ಸಾಲಾಗಿ ಕೂತ ಸಿಬ್ಬಂದಿ, ಉದ್ಘಾಟನೆಯ ಫೋಟೋ. ಕೋವಿಡ್ ಕಾಲದಲ್ಲಿ ಆ ಕೋಣೆಗಳು ಕೆಲಸಕ್ಕೆ ಬಂದವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಪರದೆಯ ಮೇಲೆ ಕಾಣುವ ಕಸದ ಲಾರಿ, ಬೀದಿದೀಪ, ಚರಂಡಿಯ ದತ್ತಾಂಶವನ್ನು ಆ ಊರಿನ ಒಬ್ಬ ಉಪನ್ಯಾಸಕಿ ತನ್ನ ವಿದ್ಯಾರ್ಥಿಗಳೊಡನೆ ಇಳಿಸಿಕೊಂಡು ಪರೀಕ್ಷಿಸುವಂತಿದೆಯೇ? ವಾರ್ಡಿನ ಹಿರಿಯರೊಬ್ಬರು ತಮ್ಮ ಬೀದಿಯ ದೀಪ ಉರಿಯುತ್ತಿದೆಯೆಂದು ಪರದೆ ಹೇಳುವುದನ್ನು ಸುಳ್ಳೆಂದು ತೋರಿಸಬಹುದೇ? ಆ ದಾರಿ ಇಲ್ಲದ ಕಡೆ ಪರದೆ ಹೇಳಿದ್ದೇ ಸತ್ಯವಾಗಿ ಉಳಿಯುತ್ತದೆ. ಅಲ್ಲಿ ನಗರ ನೋಡಿಸಿಕೊಳ್ಳುತ್ತದೆ, ನೋಡುವ ಅಧಿಕಾರ ಅದಕ್ಕಿಲ್ಲ.

ನಕ್ಷೆಯನ್ನು ಗುಟ್ಟಾಗಿಡುವ ಚಾಳಿ ನಮಗೆ ಎಲ್ಲಿಂದ ಬಂತೆಂದು ಹುಡುಕುವುದು ಕಷ್ಟವಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಕೂಡಲೇ ಬ್ರಿಟಿಷ್ ಸರ್ವೆಯರ್ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ತನ್ನ ಆಧಾರರೇಖೆ ಅಳೆದ. ಗೆದ್ದ ನೆಲದ ಮೇಲೆ ಕಂದಾಯ ಎತ್ತಲು, ದಂಡು ನಡೆಸಲು ಮಾಡಿದ ನಕ್ಷೆಗಳವು. ಆಳಿಸಿಕೊಳ್ಳುವವರಿಗೆ ತೋರಿಸಲು ಮಾಡಿದವಲ್ಲ. ಸ್ವಾತಂತ್ರ್ಯ ಬಂದ ಮೇಲೂ ಆ ಬುದ್ಧಿ ಬದಲಾಗಲಿಲ್ಲ. 2016ರ ಮೇ ತಿಂಗಳಲ್ಲಿ ಕೇಂದ್ರ ಗೃಹ ಇಲಾಖೆ ಹೊರಡಿಸಿದ ಕರಡು ಮಸೂದೆ, ಅನುಮತಿಯಿಲ್ಲದೆ ಭೌಗೋಳಿಕ ಮಾಹಿತಿ ಸಂಗ್ರಹಿಸಿ ಹಂಚುವವರಿಗೆ 100 ಕೋಟಿ ರೂಪಾಯಿವರೆಗೆ ದಂಡ, 7 ವರ್ಷದವರೆಗೆ ಜೈಲು ಎಂದಿತ್ತು. ಜನ ಎದ್ದು ವಿರೋಧಿಸಿದ್ದರಿಂದ ಅದು ಮೂಲೆ ಸೇರಿತು. ನಕ್ಷೆ ಮುಚ್ಚಿಡಲು ಹೇಳುತ್ತಿದ್ದ ದೇಶದ ರಕ್ಷಣೆಯ ಮಾತು ಬಹುಮಟ್ಟಿಗೆ ಮುಗಿದದ್ದು 2021ರ ಫೆಬ್ರುವರಿ 15ರಂದು. ಅವತ್ತು ಹೊರಬಿದ್ದ ಕೇಂದ್ರದ ಮಾರ್ಗಸೂಚಿ, ಭಾರತೀಯರು ನಕ್ಷೆ ಮಾಡಲು ಮುಂಚಿತ ಅನುಮತಿ ಬೇಕಿಲ್ಲವೆಂದಿತು. ಭದ್ರತಾ ಪಡೆಗಳ ಗುಪ್ತ ಮಾಹಿತಿ ಬಿಟ್ಟು, ಸಾರ್ವಜನಿಕ ಹಣದಿಂದ ತಯಾರಾದ ಭೌಗೋಳಿಕ ದತ್ತಾಂಶ ಎಲ್ಲ ಭಾರತೀಯರಿಗೂ ಬಳಕೆಗೆ ನಿರ್ಬಂಧವಿಲ್ಲದೆ ಸಿಗಬೇಕೆಂದಿತು. ಚರಂಡಿಯ ನಕ್ಷೆ ಕೇಳಿದರೆ ಇನ್ನೂ ಭದ್ರತೆಯ ಕಾರಣ ಹೇಳುವ ಅಧಿಕಾರಿ ತನ್ನ ಸರಕಾರದ ಆದೇಶವನ್ನೇ ಓದಿಲ್ಲವೆಂದಾಯಿತು. ಅದೇ ಮಾರ್ಗಸೂಚಿ ಖಾಸಗಿಯವರಿಂದ ‘ನ್ಯಾಯವಾದ ಬೆಲೆ’ ಪಡೆಯಬಹುದೆಂದೂ ಹೇಳುತ್ತದೆ, ಅದನ್ನು ನಾನು ಒಪ್ಪುವುದಿಲ್ಲ. ತೆರಿಗೆ ಕೊಟ್ಟು ಅಳೆಸಿದವರಿಗೆ ಅಳತೆಯನ್ನು ಮತ್ತೆ ಮಾರುವುದು ಯಾವ ನ್ಯಾಯ?

ಬೆಲೆ ತೆಗೆದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳನ್ನು ಸಾಲಾಗಿಟ್ಟು, 1973ರಿಂದ 2016ರ ನಡುವೆ ಈ ನಗರದ ಕಟ್ಟಡದ ಹರಹು ಶೇ 1005ರಷ್ಟು ಹೆಚ್ಚಿ, ಹಸಿರು ಶೇ 88ರಷ್ಟು, ಜಲಮೂಲಗಳು ಶೇ 79ರಷ್ಟು ಕುಸಿದುದನ್ನು ತೋರಿಸಿದರು. ಕೆರೆಗಳ ಬಗ್ಗೆ ನಡೆದ ಅನೇಕ ಚರ್ಚೆ, ಹೋರಾಟಗಳಿಗೆ ಈ ಅಂಕಿಗಳು ಆಧಾರವಾದವು. ಲೆಕ್ಕ 1973ರಿಂದ ಶುರುವಾಗುವುದಕ್ಕೆ ಕಾರಣವಿದೆ: ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿದ್ದು 1972ರಲ್ಲಿ. ಒಂದೊಂದು ಚಿತ್ರಕ್ಕೆ ನೂರಾರು ಡಾಲರ್ ಕೀಳುತ್ತಿದ್ದ ಅಮೆರಿಕ ಸರಕಾರ 2008ರಲ್ಲಿ ಆ ಭಂಡಾರವನ್ನೆಲ್ಲ ಜಗತ್ತಿಗೆ ಉಚಿತವಾಗಿ ತೆರೆಯಿತು. ಇಸ್ರೊದ ಕೇಂದ್ರ ಕಚೇರಿ ಇರುವ ಊರಿನ ಕೆರೆಗಳು ಹೋದ ಕಥೆಯನ್ನು ಬಹುಮಟ್ಟಿಗೆ ಪರದೇಶದ ಉಪಗ್ರಹದ ತೆರೆದ ದತ್ತಾಂಶದಿಂದ ಅರಿಯಬೇಕಾಯಿತು. ನಮ್ಮ 2023ರ ಬಾಹ್ಯಾಕಾಶ ನೀತಿ 5 ಮೀಟರ್ ಮತ್ತು ಅದಕ್ಕಿಂತ ಒರಟಾದ ಚಿತ್ರಗಳನ್ನು ಮುಕ್ತವಾಗಿ ಕೊಡುತ್ತೇವೆಂದಿದೆ, ಸ್ವಾಗತಿಸಬೇಕಾದ ಮಾತು. ಇದು ಇಪ್ಪತ್ತು ವರ್ಷ ಮೊದಲೇ ಬಂದಿದ್ದರೆ ಎಷ್ಟು ಕೆರೆಗಳ ಒತ್ತುವರಿ ನಡೆಯುತ್ತಿರುವಾಗಲೇ ಕಣ್ಣಿಗೆ ಬೀಳುತ್ತಿತ್ತು!

ಇಲ್ಲಿಯವರೆಗಿನ ಆಕ್ಷೇಪಗಳಿಗೆ ಉತ್ತರ ಸುಲಭ. ಕಷ್ಟದ್ದು ಒಂದಿದೆ, ಅದು ಹುಟ್ಟಿದ್ದೂ ಕರ್ನಾಟಕದಲ್ಲಿ. ತೆರೆದ ದತ್ತಾಂಶ ಬಡವರ ಕೈಗೆ ಸಿಗುವುದಿಲ್ಲ, ಬಲಾಢ್ಯರ ಕೈಗೆ ಇನ್ನೊಂದು ಆಯುಧವಾಗುತ್ತದೆ ಎಂಬ ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕುವವರು ‘ಭೂಮಿ’ ಯೋಜನೆಯ ಚರಿತ್ರೆ ಓದಿಲ್ಲ.

ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಲ್ಲಿ ಕರ್ನಾಟಕ ಈ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದ ಬದಲು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ. ಜಗತ್ತು ಚಪ್ಪಾಳೆ ತಟ್ಟಿತು. ಸೊಲೊಮನ್ ಬೆಂಜಮಿನ್ ಮತ್ತು ಜೊತೆಗಾರರು 2007ರಲ್ಲಿ ಬರೆದ ಅಧ್ಯಯನ ಆ ಚಪ್ಪಾಳೆಗೆ ತಡೆ ಹಾಕಿತು. ಊರಿನ ಒಳಗೆ, ಪರಿಚಿತರ ನಡುವೆ ಇತ್ಯರ್ಥವಾಗುತ್ತಿದ್ದ ಭೂಮಿಯ ವ್ಯವಹಾರ ತಾಲ್ಲೂಕಿಗೆ ಸರಿದು ಲಂಚ ಮತ್ತು ವಿಳಂಬ ಹೆಚ್ಚಿದವೆಂದೂ, ಬೆಂಗಳೂರಿನ ಸುತ್ತ ದೊಡ್ಡ ಕಂಪನಿಗಳು ಮತ್ತು ಭೂವ್ಯಾಪಾರಿಗಳು ಜಮೀನು ಹಿಡಿಯುವುದಕ್ಕೆ ಇದರಿಂದ ಅನುಕೂಲವಾಯಿತೆಂದೂ ಅವರು ವಾದಿಸಿದರು. ಕೆನಡಾದ ಮೈಕೆಲ್ ಗರ್ಸ್ಟೀನ್ 2011ರಲ್ಲಿ ಇದೇ ಪ್ರಸಂಗವನ್ನೆತ್ತಿಕೊಂಡು, ಮುಕ್ತ ದತ್ತಾಂಶ ಉಳ್ಳವರನ್ನೇ ಮತ್ತಷ್ಟು ಬಲಪಡಿಸುತ್ತಿದೆಯೇ ಎಂದು ಕೇಳಿದ. ಅಂದಿನಿಂದ ಜಗತ್ತಿನ ಯಾವ ಮೂಲೆಯಲ್ಲಿ ಮುಕ್ತ ದತ್ತಾಂಶದ ಚರ್ಚೆ ನಡೆದರೂ ಬೆಂಗಳೂರಿನ ಹೊರವಲಯದ ರೈತರು ಅದರಲ್ಲಿ ಬಂದುಹೋಗುತ್ತಾರೆ. ಇಲ್ಲಿನ ಅಧಿಕಾರಿವರ್ಗವೂ ಈ ವಾದವನ್ನು ಚೆನ್ನಾಗಿ ಕಲಿತಿದೆ: ನಕ್ಷೆ ತೆರೆದಿಟ್ಟರೆ ಭೂಗಳ್ಳರ ಪಾಲಾಗುತ್ತದೆ, ಆದ್ದರಿಂದ ನಮ್ಮ ಬಳಿಯೇ ಇರಲಿ.

ಅಧ್ಯಯನ ಕಂಡ ನೋವು ನಿಜ. ಅದರಿಂದ ತೆಗೆದ ಈ ತೀರ್ಮಾನ ಸುಳ್ಳು. ಗರ್ಸ್ಟೀನ್ ಮುಚ್ಚಿಡಿ ಎಂದು ಹೇಳಲೇ ಇಲ್ಲ. ಬಳಸುವ ಶಕ್ತಿಯನ್ನೂ ಜೊತೆಗೆ ಕೊಡಿ ಎಂದ: ಸಂಪರ್ಕ, ಉಪಕರಣ, ತರಬೇತಿ, ಜನರ ಭಾಷೆ, ಅರ್ಥೈಸುವ ನೆರವು. ಇನ್ನೂ ಮುಖ್ಯವಾಗಿ, ಭೂಮಿ ಯೋಜನೆಯಲ್ಲಿ ತೆರೆದದ್ದು ಏನು ಎಂದು ಕೇಳಬೇಕು. ಯಾವ ರೈತನ ಹೆಸರಲ್ಲಿ ಎಷ್ಟು ಎಕರೆ ಇದೆ, ಅದರ ಮೇಲೆ ಎಷ್ಟು ಸಾಲ ಇದೆ ಎಂಬುದು ತೆರೆಯಿತು. ಆ ಊರಿನ ಯಾವ ಸರ್ವೆ ನಂಬರುಗಳ ಮೇಲೆ ಸ್ವಾಧೀನದ ಕಣ್ಣು ಬಿದ್ದಿದೆ, ರಸ್ತೆ ಎಲ್ಲಿ ಬರಲಿದೆ, ಯಾವ ಗೋಮಾಳ ಯಾರಿಗೆ ಮಂಜೂರಾಗಿದೆ, ಯಾವ ಬಿ ಖರಾಬು ಯಾವ ಬಡಾವಣೆಯೊಳಗೆ ಸೇರಿಹೋಗಿದೆ ಎಂಬುದು ತೆರೆಯಲಿಲ್ಲ. ರೈತನ ಗುಟ್ಟು ಬಯಲಾಯಿತು, ಸರಕಾರದ ಗುಟ್ಟು ಬೀರುವಿನಲ್ಲೇ ಉಳಿಯಿತು. ಎರಡೂ ಗೊತ್ತಿದ್ದವನು ಮಧ್ಯವರ್ತಿಯೊಬ್ಬನೇ. ಬಡವನು ಸೋತದ್ದು ದತ್ತಾಂಶ ಮುಕ್ತವಾದ್ದರಿಂದಲ್ಲ, ಅರ್ಧ ಮಾತ್ರ, ಅದೂ ತಲೆಕೆಳಗಾಗಿ, ಮುಕ್ತವಾದ್ದರಿಂದ.

ಈ ತಲೆಕೆಳಗು ಇನ್ನೂ ನಡೆದಿದೆ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ಪಾಲಿಕೆ 20 ಲಕ್ಷಕ್ಕೂ ಹೆಚ್ಚು ಆಸ್ತಿಗಳ ಇ–ಖಾತಾ ಕರಡನ್ನು ಮಾಲೀಕರ ಹೆಸರಿನ ಸಮೇತ ಅಂತರ್ಜಾಲದಲ್ಲಿ ಇಟ್ಟಿತು. ಯಾರ ಮನೆ ಯಾರದೆಂದು ಜಗತ್ತೇ ಹುಡುಕಬಹುದಿತ್ತು. ನಗರದ ಬೀದಿಗಳಲ್ಲಿ ಸೇಫ್ ಸಿಟಿ ಯೋಜನೆಯ 7 ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು ಜನರನ್ನು ನೋಡುತ್ತಿವೆ. ಇತ್ತ, 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೆಯ ಕಲಮು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನು ತಿದ್ದಿ, ದೊಡ್ಡ ಸಾರ್ವಜನಿಕ ಹಿತವಿದ್ದರೆ ವೈಯಕ್ತಿಕವೆನ್ನುವ ಮಾಹಿತಿಯನ್ನೂ ಕೊಡಬಹುದೆಂಬ ಮಾತನ್ನು ಆ ಕಲಮಿನಿಂದ ತೆಗೆದುಹಾಕಿದೆ. ಪ್ರಜೆಯ ಮುಂದೆ ಗಾಜಿನ ಗೋಡೆ, ಆಡಳಿತದ ಮುಂದೆ ಕಲ್ಲಿನ ಗೋಡೆ. ಮುಕ್ತ ದತ್ತಾಂಶದ ಹೆಸರಿನಲ್ಲಿ ನಾನು ಕೇಳುತ್ತಿರುವುದು ಇದರ ವಿರುದ್ಧದ್ದನ್ನು: ಮನೆ ಯಾರದೆಂಬುದು ಅಗತ್ಯವಿದ್ದವರಿಗೆ ಮಾತ್ರ ಸಿಗಲಿ, ಆ ಮನೆಗೆ ಅನುಮತಿ ಕೊಟ್ಟವರು ಯಾರು, ಯಾವ ನಕ್ಷೆ ನೋಡಿ ಕೊಟ್ಟರು, ಅದರ ಪಕ್ಕದ ಕಾಲುವೆ ಎಷ್ಟು ಅಗಲವಿತ್ತು ಎಂಬುದು ಪ್ರತಿಯೊಬ್ಬರಿಗೂ ಸಿಗಲಿ.

‘ಪೋರ್ಟಲ್ ಇದೆಯಲ್ಲ, ಆಪ್ ಇದೆಯಲ್ಲ’ ಎನ್ನುವವರಿದ್ದಾರೆ. ಇವೆ. ದಿಶಾಂಕ್ ಆಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಸೈಟು ಕೊಳ್ಳುವವರು ಅದನ್ನು ಬಳಸುತ್ತಿದ್ದಾರೆ, ಸಂತೋಷ. ಸರ್ವೆ ಇಲಾಖೆ ಗ್ರಾಮ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಹಾಕಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆದು ಜನರಿಗೆ ಹೇಳಿದ ಆ ಸಂಸ್ಥೆಯ ಕೆಲಸಕ್ಕೆ ದೇಶದಲ್ಲಿ ಹೆಚ್ಚು ಸಾಟಿಯಿಲ್ಲ. ಆದರೆ ತೆರೆಯಲ್ಲಿ ಕಾಣುವುದೇ ಬೇರೆ, ಕೈಗೆ ಸಿಗುವುದೇ ಬೇರೆ. ಆಪ್‌ನಲ್ಲಿ ಕಂಡ ಸರ್ವೆ ಗಡಿಗಳ ಇಡೀ ಪದರವನ್ನು ಇಳಿಸಿಕೊಂಡು, ಅದರ ಮೇಲೆ ಕಾಲುವೆ, ಅದರ ಮೇಲೆ ಒಂದು ರಾತ್ರಿಯ ಮಳೆ ಹೊದಿಸಿ, ನಾಳೆ ನೀರು ಯಾವ ಬೀದಿಗೆ ನುಗ್ಗುತ್ತದೆಂದು ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿನಿ ಲೆಕ್ಕ ಹಾಕುವಂತಿರಬೇಕು. ಸ್ಕ್ಯಾನ್ ಮಾಡಿದ ಚಿತ್ರದಿಂದ ಅದು ಆಗುವುದಿಲ್ಲ. ಅವಳು ಮತ್ತೆ ಮೊದಲಿನಿಂದ ಗೆರೆ ಎಳೆಯಬೇಕು, ಇಲಾಖೆಯೊಳಗೆ ಆಗಲೇ ಎಳೆದಿಟ್ಟ ಗೆರೆಗಳನ್ನು.

ಕನ್ನಡದ ಕಡತಗಳ ಪಾಡು ಇನ್ನೂ ಕೆಟ್ಟದ್ದು. ಹಳೆಯ ‘ನುಡಿ’, ‘ಬರಹ’ ಫಾಂಟುಗಳಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿದ ಆದೇಶ, ಅಧಿಸೂಚನೆ, ಪಟ್ಟಿಗಳು ರಾಶಿ ಬಿದ್ದಿವೆ. ಕಣ್ಣಿಗೆ ಕನ್ನಡ, ಹುಡುಕಲು ಹೋದರೆ, ನಕಲು ಮಾಡಲು ಹೋದರೆ ಅರ್ಥವಿಲ್ಲದ ಚಿಹ್ನೆಗಳು. ಯೂನಿಕೋಡ್ ಬಂದು ದಶಕಗಳಾದ ಮೇಲೂ ಕನ್ನಡಿಗರ ಸರಕಾರ ಕನ್ನಡದ ಮಾಹಿತಿಯನ್ನು ಹುಡುಕಲಾಗದಂತೆ ಪ್ರಕಟಿಸುವುದನ್ನು ಬಿಟ್ಟಿಲ್ಲ. ಇಂಗ್ಲಿಷಿನಲ್ಲಿ ಒಂದೇ ಊರು ಒಂದು ಪಟ್ಟಿಯಲ್ಲಿ ಒಂದು ಸ್ಪೆಲ್ಲಿಂಗಿನಲ್ಲಿ, ಇನ್ನೊಂದರಲ್ಲಿ ಇನ್ನೊಂದು ಸ್ಪೆಲ್ಲಿಂಗಿನಲ್ಲಿ ಇರುತ್ತದೆ. ಕಂಪ್ಯೂಟರಿಗೆ ಅವು ಎರಡು ಊರು. ನೂರಾರು ಹಳ್ಳಿಗಳನ್ನು ನುಂಗಿ ಬೆಳೆದ ನಗರದಲ್ಲಿ ಇದು ಸಣ್ಣ ತೊಡಕಲ್ಲ. ಕೃತಕ ಬುದ್ಧಿಮತ್ತೆಯಿಂದ ನಗರ ನಡೆಸುತ್ತೇವೆನ್ನುವವರು ಮೊದಲು ಈ ಕಡತಗಳನ್ನು ಯೂನಿಕೋಡಿಗೆ ತರಲಿ.

ಬಸ್ಸಿನ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಕೊಚ್ಚಿ ಮೆಟ್ರೊ 2018ರಲ್ಲಿ ತನ್ನ ವೇಳಾಪಟ್ಟಿಯ ದತ್ತಾಂಶವನ್ನು ಯಾರು ಬೇಕಾದರೂ ಬಳಸುವ ರೂಪದಲ್ಲಿ ಬಿಡುಗಡೆ ಮಾಡಿತು. ಅದೇ ವರ್ಷ ದೆಹಲಿ ತನ್ನ ಬಸ್ಸುಗಳು ಈ ಕ್ಷಣ ಎಲ್ಲಿವೆ ಎಂಬುದನ್ನೂ ತೆರೆಯಿತು. ದೇಶದ ಸಾಫ್ಟ್‌ವೇರ್ ರಾಜಧಾನಿಯಲ್ಲಿ ಬಿಎಂಟಿಸಿಯ ಮಾರ್ಗ, ನಿಲ್ದಾಣಗಳನ್ನು ಆಸಕ್ತರು ವರ್ಷಗಟ್ಟಲೆ ತಾವೇ ಜಾಲತಾಣದಿಂದ ಹೆಕ್ಕಿ ಜೋಡಿಸಬೇಕಾಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಂಗಸರು ಉಚಿತವಾಗಿ ಓಡಾಡುತ್ತಿದ್ದಾರೆ. ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ರಾತ್ರಿ ಪಾಳಿ ಮುಗಿದ ಮೇಲೆ ಬಸ್ಸು ಇದೆಯೇ, ಯಾವ ಕೊಳೆಗೇರಿಯಿಂದ ನಿಲ್ದಾಣಕ್ಕೆ ಎಷ್ಟು ನಡೆಯಬೇಕು ಎಂಬ ಪ್ರಶ್ನೆಗೆ ಉತ್ತರ ಬಿಎಂಟಿಸಿಯ ಕಂಪ್ಯೂಟರಿನಲ್ಲೇ ಇದೆ. ಅದನ್ನು ತೆಗೆದು ನೋಡುವ ಹಕ್ಕು ಅವಳ ಪರವಾಗಿ ಮಾತಾಡುವ ಸಂಘಟನೆಗೂ ಇರಬೇಕು.

ಕೊನೆಯದಾಗಿ ಕೇಳಿಬರುವ ಮಾತು: ನಮ್ಮ ದತ್ತಾಂಶ ಇನ್ನೂ ಅಚ್ಚುಕಟ್ಟಾಗಿಲ್ಲ, ಅರೆಬರೆ ನಕ್ಷೆ ಕೊಟ್ಟರೆ ಜನ ತಪ್ಪು ತಿಳಿಯುತ್ತಾರೆ, ಕೋರ್ಟಿಗೆ ಹೋಗುತ್ತಾರೆ. ಜನರ ಬುದ್ಧಿಯ ಬಗ್ಗೆ ಇಷ್ಟು ಅಪನಂಬಿಕೆ ಇರುವವರಿಗೆ ಬೆಂಗಳೂರಿನ ಶಾಸನಗಳ ಕೆಲಸ ತೋರಿಸಬೇಕು. ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದ. ಆ ಕಲ್ಲುಗಳಲ್ಲಿ ಬಹಳಷ್ಟು ಮನೆ, ರಸ್ತೆ, ಚರಂಡಿಗಳಡಿ ಹೋದವು. ಕೆಲವು ವರ್ಷಗಳಿಂದ ಆಸಕ್ತ ನಾಗರಿಕರು, ಆಮೇಲೆ ಮಿಥಿಕ್ ಸೊಸೈಟಿಯ ಯೋಜನೆ, ಊರೂರು ಸುತ್ತಿ ಉಳಿದ ಕಲ್ಲುಗಳನ್ನು ಹುಡುಕಿ, ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಅವು ಇರುವ ಜಾಗವನ್ನು ನಕ್ಷೆಯ ಮೇಲೆ ಗುರುತಿಸಿ, ಯಾರು ಬೇಕಾದರೂ ನೋಡುವಂತೆ ಇಟ್ಟಿದ್ದಾರೆ. ಹೆಬ್ಬಾಳದ ಕಿತ್ತಯ್ಯನ ಕಲ್ಲು ಸುಮಾರು 750ನೆಯ ಇಸವಿಯದು, ಈ ನಗರದಲ್ಲಿ ಸಿಕ್ಕ ಅತ್ಯಂತ ಹಳೆಯ ಕನ್ನಡ ಬರಹ. ಇದನ್ನು ಕಾಪಾಡಿದ್ದು ಯಾವ ಕಮಾಂಡ್ ಸೆಂಟರೂ ಅಲ್ಲ. ಹಳೆಯ ಓದಿನ ತಪ್ಪುಗಳನ್ನು ಅವರು ತಿದ್ದಿದ್ದು ಸಹ ಕಲ್ಲಿನ ಮುಂದೆ ಹಲವರು ನಿಂತು ನೋಡಿದ್ದರಿಂದಲೇ. ಕೆರೆಗೆ, ಗುಡಿಗೆ ಬಿಟ್ಟ ಭೂಮಿಯ ಚತುಸ್ಸೀಮೆಯನ್ನು ಜನ ಓಡಾಡುವ ಕಡೆ ಕಲ್ಲಿನಲ್ಲಿ ಕಂಡರಿಸಿ ನಿಲ್ಲಿಸುತ್ತಿದ್ದ ನಾಡು ಇದು. ಬರೆಸಿದವರು ಅರಸರು, ಗೌಡರು, ಅಧಿಕಾರಿಗಳೇ. ಅವರ ಆಳ್ವಿಕೆಯಲ್ಲಿ ಎಲ್ಲರೂ ಸಮಾನರಾಗಿರಲಿಲ್ಲ. ಆದರೂ ಎಲ್ಲೆ ಗುಟ್ಟಾಗಿದ್ದರೆ ಅದನ್ನು ಮೀರುವುದು ಸುಲಭವೆಂದು ಅವರಿಗೆ ತಿಳಿದಿತ್ತು.

ಅರೆಬರೆ ನಕ್ಷೆಯನ್ನು ಅರೆಬರೆಯೆಂದೇ ಬರೆದು ಪ್ರಕಟಿಸಲಿ. ಯಾವ ವರ್ಷದ ಅಳತೆ, ಎಷ್ಟು ಮೀಟರ್ ಆಚೀಚೆ ಇರಬಹುದು, ತಪ್ಪು ಕಂಡರೆ ಯಾರಿಗೆ ತಿಳಿಸಬೇಕು, ತಿಳಿಸಿದ ಮೇಲೆ ಎಷ್ಟು ದಿನದಲ್ಲಿ ತಿದ್ದುತ್ತಾರೆ ಎಂಬುದನ್ನು ಜೊತೆಗೇ ಹಾಕಲಿ. ಕೋರ್ಟಿಗೆ ಹೋಗುವವರು ಈಗಲೂ ಹೋಗುತ್ತಿದ್ದಾರೆ, ಮನೆ ಉರುಳಿದ ಮೇಲೆ. ಮೊದಲೇ ಹೋಗುವಂತಾದರೆ ಮನೆಯೂ ಉಳಿಯುತ್ತದೆ, ಕಾಲುವೆಯೂ ಉಳಿಯುತ್ತದೆ.

ನಕ್ಷೆ ತೆರೆದ ಮಾತ್ರಕ್ಕೆ ನಗರ ಸರಿಹೋಗುತ್ತದೆಂದು ನಾನು ಹೇಳುವುದಿಲ್ಲ. ತಪ್ಪು ಕಂಡವರು ಯಾರನ್ನು ಕೇಳಬೇಕು? ಬಿಬಿಎಂಪಿಯ ಚುನಾಯಿತ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಸುಮಾರು ಐದು ವರ್ಷ ಕಳೆದು, ಪಾಲಿಕೆಯೇ ಒಡೆದು ಐದಾಗುವವರೆಗೂ ಚುನಾವಣೆ ನಡೆಯಲಿಲ್ಲ. 198 ವಾರ್ಡುಗಳನ್ನು 243 ಮಾಡಿದರು, ಆಮೇಲೆ 225 ಎಂದರು, ಗ್ರೇಟರ್ ಬೆಂಗಳೂರು ಬಂದ ಮೇಲೆ ಮುನ್ನೂರ ಅರವತ್ತನ್ನು ದಾಟಿಸಿದರು. ಪ್ರತಿ ಸಲವೂ ಗಡಿ ಬದಲಾಯಿತು, ಪ್ರತಿ ಸಲವೂ ಅಧಿಸೂಚನೆಯಲ್ಲಿ ಉತ್ತರಕ್ಕೆ ಇಂಥ ರಸ್ತೆ, ದಕ್ಷಿಣಕ್ಕೆ ಇಂಥ ಕಾಲುವೆ ಎಂದು ಪುಟಗಟ್ಟಲೆ ಬಂತು. ಕಳೆದ ವರ್ಷದ ಕಾಮಗಾರಿಯ ಹಣ ಈಗಿನ ಯಾವ ವಾರ್ಡಿಗೆ ಸೇರಿದ್ದೆಂದು ಲೆಕ್ಕ ಹಾಕುವ ಕೆಲಸವನ್ನು ಸರಕಾರವೇ ಮಾಡಿ ಜನರ ಮುಂದಿಡಬೇಕು. ದತ್ತಾಂಶದ ಹಸಿವು ಅಷ್ಟೊಂದು ಇರುವವರು ಐದು ವರ್ಷ ಜನರ ಮತವೆಂಬ ದತ್ತಾಂಶವನ್ನು ಪಡೆಯದೆಯೇ ಆಳಿದರೆಂಬುದನ್ನು ಮರೆಯಬಾರದು.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ. ನಿಮ್ಮ ನಗರಸಭೆಗೆ, ಪಾಲಿಕೆಗೆ ಮತ ಕೇಳಿಕೊಂಡು ಬರುವವರನ್ನು ಯಾವ ಆಪ್ ತರುತ್ತೀರಿ ಎಂದು ಕೇಳಬೇಡಿ. ವಾರ್ಡಿನ ಕಾಲುವೆ, ಕೆರೆ, ಬಿ ಖರಾಬು, ಕೊಟ್ಟ ಕಟ್ಟಡ ಅನುಮತಿ, ಮಾಡಿದ ಕಾಮಗಾರಿ, ಪಾವತಿಯಾದ ಬಿಲ್ಲು, ಇವಿಷ್ಟನ್ನೂ ಇಳಿಸಿಕೊಳ್ಳುವ ರೂಪದಲ್ಲಿ, ಯೂನಿಕೋಡ್ ಕನ್ನಡದಲ್ಲಿ, ಉಚಿತವಾಗಿ ಪ್ರಕಟಿಸುವ ನಿರ್ಣಯವನ್ನು ಮೊದಲ ಸಭೆಯಲ್ಲೇ ಮಂಡಿಸುತ್ತೀರಾ ಎಂದು ಕೇಳಿ, ಲಿಖಿತವಾಗಿ ಉತ್ತರ ಪಡೆಯಿರಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಅರ್ಜಿ ಹಾಕುವ ಪ್ರಸಂಗವೇ ಆದಷ್ಟು ಬಾರದಂತೆ ಮಾಹಿತಿಯನ್ನು ತಾನಾಗಿ, ಸ್ಥಳೀಯ ಭಾಷೆಯಲ್ಲಿ, ಸಾಧ್ಯವಾದ ಮಟ್ಟಿಗೆ ವಿದ್ಯುನ್ಮಾನ ರೂಪದಲ್ಲಿ ಜನರಿಗೆ ತಲುಪಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 4ನೆಯ ಕಲಮು ಆಗಲೇ ಹೇಳಿದೆ. ಪ್ರತಿ ಕಚೇರಿಯೂ ತನ್ನ ಬಜೆಟ್, ತಾನು ಕೊಟ್ಟ ಅನುಮತಿ, ರಿಯಾಯಿತಿಗಳ ವಿವರ, ವಿದ್ಯುನ್ಮಾನ ರೂಪದಲ್ಲಿರುವ ಮಾಹಿತಿಯ ವಿವರ ಇವನ್ನೆಲ್ಲ ಪ್ರಕಟಿಸಲು ಆ ಕಲಮು ಕೊಟ್ಟ ಗಡುವು 120 ದಿನ. ಅದು 2005ರ ಅಕ್ಟೋಬರ್‌ನಲ್ಲೇ ಮುಗಿದಿದೆ.